ಬೂದುಬಣ್ಣಕ್ಕೆ ತಿರುಗಿದ ಬಂಪರ್: ಮನೆಯಲ್ಲೇ ಸ್ಪ್ರೇ ಹೊಡೆದರೆ ನಿಲ್ಲುತ್ತಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಆಡುಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಿದ್ದೀರಾ ಅಂದ್ರೆ, ಮುಂದಿನ ಸಿಗ್ನಲ್‌ನಲ್ಲಿ ಕಿಟಕಿಯಿಂದಾಚೆ ಒಂದ್ಸಲ ನೋಡಿ. ಹತ್ತು ವರ್ಷ ಹಳೆಯ ವ್ಯಾನೋ ಸಣ್ಣ ಕಾರೋ ನಿಂತಿರುತ್ತೆ. ಬಾಡಿ ಪರವಾಗಿಲ್ಲ ಅನ್ನೋ ಹಾಗಿರುತ್ತೆ, ಆದ್ರೆ ಬಂಪರ್ ಮಾತ್ರ ಬೂದಿ ಬಳಿದ ಹಾಗೆ ಬೆಳ್ಳಗಾಗಿರುತ್ತೆ. ಅಷ್ಟರಿಂದಲೇ ಇಡೀ ಗಾಡಿ ಇನ್ನೂ ಐದು ವರ್ಷ ಮುದಿಯಾದಂತೆ ಕಾಣುತ್ತೆ.

ಈ ಸಂಚಿಕೆ ಅದರ ಬಗ್ಗೆ. ನಿಮ್ಮಲ್ಲಿ ಹಲವರು ಮೊದಲ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡಿರ್ತೀರಿ, ಇಲ್ಲಾ ಅಪ್ಪನ ಹಳೆ ಕಾರು ಕೈಗೆ ಬಂದಿರುತ್ತೆ. ರೀಲ್ಸ್‌ನಲ್ಲಿ ಒಬ್ಬರು 30 ಸೆಕೆಂಡ್‌ನಲ್ಲಿ ಕಪ್ಪು ಸ್ಪ್ರೇ ಹೊಡೆದು ಬಂಪರನ್ನ ಹೊಸದು ಮಾಡಿ ತೋರಿಸ್ತಾರೆ. ಅದು ಸುಳ್ಳಲ್ಲ, ಅವತ್ತು ಹಾಗೇ ಕಾಣುತ್ತೆ. ಮೂರು ತಿಂಗಳಾದ ಮೇಲೆ ಅದೇ ಬಂಪರ್ ಹೇಗಿರುತ್ತೆ ಅನ್ನೋದನ್ನ ಮಾತ್ರ ಯಾರೂ ತೋರಿಸಲ್ಲ.

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದೇ ಮಾತು. ಬಂಪರ್‌ಗೆ ಬಣ್ಣ ಹೊಡೆಯೋದು ಸುಲಭ, ಬಣ್ಣ ಅಲ್ಲಿ ನಿಲ್ಲೋ ಹಾಗೆ ಮಾಡೋದು ಕೆಲಸ. ಕ್ಯಾನ್ ಹಿಡಿಯೋದು ಕಾಲು ಗಂಟೆ, ಅದಕ್ಕೂ ಮುಂಚಿನದ್ದು ಮೂರು ಗಂಟೆ. ಆ ಮೂರು ಗಂಟೆ ಕೊಡೋಕೆ ಆಗಲ್ಲ ಅಂದ್ರೆ ಕ್ಯಾನ್ ಕೊಳ್ಳಲೇಬೇಡಿ.

ಮೊದಲಿಗೆ, ಬೆಳ್ಳಗಾಗೋದು ಯಾಕೆ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಬಂಪರ್ ಅಂದ್ರೆ ಕ್ರೋಮ್ ಹೊಳಪಿನ ಉಕ್ಕಿನ ಪಟ್ಟಿ. ಆಮೇಲೆ ಪ್ಲಾಸ್ಟಿಕ್ ಬಂತು. ಫ್ರಾನ್ಸ್‌ನ ರೆನೋ 5 ಕಾರು 1972ರಲ್ಲೇ ಪ್ಲಾಸ್ಟಿಕ್ ಬಂಪರ್ ಹಾಕಿಕೊಂಡು ರಸ್ತೆಗಿಳಿದಿತ್ತು. ಇವತ್ತು ನಾವು ಬಂಪರ್ ಅಂತ ಕರೆಯೋದು ನಿಜಕ್ಕೂ ಒಂದು ಪ್ಲಾಸ್ಟಿಕ್ ಹೊದಿಕೆ. ಹೆಚ್ಚಿನ ಕಾರುಗಳಲ್ಲಿ ಅದು ಪಾಲಿಪ್ರೊಪಿಲೀನ್. ಚಳಿಗೆ ಸೀಳದಿರಲಿ, ಸಣ್ಣ ಪೆಟ್ಟಿಗೆ ಬಾಗಿ ಮತ್ತೆ ಆಕಾರಕ್ಕೆ ಬರಲಿ ಅಂತ ಅದಕ್ಕೆ ರಬ್ಬರ್ ಜಾತಿಯ ಇಪಿಡಿಎಂ ಸೇರಿಸಿರ್ತಾರೆ. ಗಟ್ಟಿ ಇರಲಿ ಅಂತ ಟಾಲ್ಕ್ ಪುಡಿಯನ್ನೂ ಬೆರೆಸಿರ್ತಾರೆ. ಬೇಸ್ ಮಾಡೆಲ್‌ಗಳಲ್ಲಿ ಇದರ ಮೇಲೆ ಬಣ್ಣ ಇರಲ್ಲ. ಪ್ಲಾಸ್ಟಿಕ್ಕಿನ ಒಳಗೇ ಕಪ್ಪು ಬೆರೆತಿರುತ್ತೆ.

ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಈ ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿ ಅಣುಗಳನ್ನು ಮೇಲ್ಪದರದಲ್ಲಿ ತುಂಡು ಮಾಡುತ್ತೆ. ಮೇಲ್ಮೈ ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತೆ. ಬೆಳಕು ಆ ಬಿರುಕುಗಳಲ್ಲಿ ಚದುರಿ ಕಣ್ಣಿಗೆ ಬೆಳ್ಳಗೆ ಕಾಣುತ್ತೆ. ಚಳಿಗಾಲದಲ್ಲಿ ಮೊಣಕೈ ಒಣಗಿ ಬೂದು ಬೂದಾಗುತ್ತಲ್ಲ, ಅದೇ ಕಥೆ. ಒಂದು ಹನಿ ಎಣ್ಣೆ ಹಚ್ಚಿದ ಕೂಡಲೇ ಮೊಣಕೈ ಸರಿಹೋಗುತ್ತೆ, ಸಂಜೆಗೆ ಮತ್ತೆ ಅಷ್ಟೇ.

ಬಂಪರ್‌ಗೆ ಕೊಬ್ಬರಿ ಎಣ್ಣೆ ಅಥವಾ ಟೈರ್ ಪಾಲಿಶ್ ಹಚ್ಚಿದಾಗ ಆಗೋದೂ ಇದೇ. ಎಣ್ಣೆ ಬಿರುಕು ತುಂಬುತ್ತೆ, ಕಪ್ಪು ವಾಪಸ್ ಬರುತ್ತೆ, ಎರಡು ಮಳೆಗೆ ತೊಳೆದು ಹೋಗುತ್ತೆ. ಹೀಟ್ ಗನ್‌ನಿಂದ ಬಿಸಿ ಮಾಡೋ ವಿಡಿಯೋಗಳೂ ಇವೆ. ಅದೂ ಕೆಲಸ ಮಾಡುತ್ತೆ, ಆದ್ರೆ ಸ್ವಲ್ಪ ಕಾಲ ಮಾತ್ರ. ಕೈ ತಪ್ಪಿ ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ಹಿಡಿದ್ರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತೆ.

ಬಣ್ಣ ಯಾಕೆ ನಿಲ್ಲಲ್ಲ?

ಪಾಲಿಪ್ರೊಪಿಲೀನ್‌ಗೆ ಒಂದು ಗುಣ ಇದೆ. ಅದು ತನ್ನ ಮೇಲೆ ಬಂದ ದ್ರವವನ್ನ ಹರಡೋಕೆ ಬಿಡಲ್ಲ. ಕೆಸುವಿನ ಎಲೆ ಮೇಲೆ ನೀರು ಮುತ್ತಾಗಿ ಉರುಳುತ್ತಲ್ಲ, ಹೆಚ್ಚು ಕಡಿಮೆ ಹಾಗೆ. ಇದನ್ನ ಸರ್ಫೇಸ್ ಎನರ್ಜಿ ಕಮ್ಮಿ ಇರೋದು ಅಂತಾರೆ. ಅಡುಗೆಮನೆಯ ಡಬ್ಬಗಳಲ್ಲಿ ಹಲವು ಇದೇ ಪ್ಲಾಸ್ಟಿಕ್. ಡಬ್ಬಕ್ಕೆ ಈ ಗುಣ ವರ, ಯಾವ ಕಲೆಯೂ ಗಟ್ಟಿಯಾಗಿ ಕೂರಲ್ಲ. ಪೇಂಟ್‌ಗೆ ಅದೇ ಶಾಪ.

ಹಾಗಾದ್ರೆ ಬಾಡಿ ಕಲರ್ ಬಂಪರ್‌ಗೆ ಫ್ಯಾಕ್ಟರಿಯಲ್ಲಿ ಬಣ್ಣ ಹೇಗೆ ಹಿಡಿಯುತ್ತೆ? ಅನೇಕ ಕಡೆ ಬಂಪರ್ ಮೇಲೆ ಅರೆಕ್ಷಣ ಬೆಂಕಿಯ ಜ್ವಾಲೆ ಹಾಯಿಸ್ತಾರೆ. ಪ್ಲಾಸ್ಟಿಕ್ ಸುಡೋ ಮುಂಚೆ ಜ್ವಾಲೆ ಮುಂದೆ ಸಾಗಿರುತ್ತೆ. ಅಷ್ಟರಲ್ಲಿ ಮೇಲ್ಮೈಗೆ ಆಮ್ಲಜನಕ ಅಂಟಿಕೊಂಡು ಬಣ್ಣ ಹಿಡಿಯೋ ಗುಣ ಬರುತ್ತೆ. ರೋಬೋ ಮಾಡೋ ಕೆಲಸ ಅದು, ದಯವಿಟ್ಟು ಮನೆಯ ಗ್ಯಾಸ್ ಟಾರ್ಚ್ ಹಿಡಿದು ಟ್ರೈ ಮಾಡಬೇಡಿ. ನಮಗೆ ಇರೋ ದಾರಿ ಅಡ್ಹೀಶನ್ ಪ್ರಮೋಟರ್. ಕೆಲವು ಅಂಗಡಿಗಳಲ್ಲಿ ಪ್ಲಾಸ್ಟಿಕ್ ಪ್ರೈಮರ್ ಅಂತ ಕೇಳಿದ್ರೂ ಕೊಡ್ತಾರೆ. ಅದರಲ್ಲಿರೋ ಕ್ಲೋರಿನೇಟೆಡ್ ಪಾಲಿಒಲೆಫಿನ್ ಅನ್ನೋ ವಸ್ತು ಒಂದು ಕೈಯಲ್ಲಿ ಪ್ಲಾಸ್ಟಿಕ್ಕನ್ನೂ ಇನ್ನೊಂದು ಕೈಯಲ್ಲಿ ಪೇಂಟನ್ನೂ ಹಿಡ್ಕೊಳ್ಳುತ್ತೆ.

ಇದನ್ನ ಬರೀ ಬಾಯಲ್ಲಿ ಹೇಳಿದ್ರೆ ಸಾಲದು ಅಂತ ಗುಜರಿಯಿಂದ ಒಂದು ಒಡೆದ ಬಂಪರ್ ತುಂಡು ತಂದೆ. ಮೂರು ಚೌಕ ಮಾಡಿದೆ. ಮೊದಲನೇದಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೇರ ಕಪ್ಪು ಸ್ಪ್ರೇ. ಎರಡನೇದನ್ನ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ ಸ್ಪ್ರೇ. ಮೂರನೇದಕ್ಕೆ ಉಜ್ಜೋದು, ಒರೆಸೋದು, ಪ್ರಮೋಟರ್, ಆಮೇಲೆ ಸ್ಪ್ರೇ. ಒಂದು ವಾರ ಒಣಗೋಕೆ ಬಿಟ್ಟೆ. ಮೂರೂ ಹೊರಗಿಂದ ಒಂದೇ ಥರ ಇದ್ವು, ಫೋಟೋ ತೆಗೆದಿದ್ರೆ ಯಾರಿಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ.

ಆಮೇಲೆ ಬ್ಲೇಡ್‌ನಿಂದ ಉದ್ದಕ್ಕೂ ಅಡ್ಡಕ್ಕೂ ಆರಾರು ಗೆರೆ ಎಳೆದು, ಗಟ್ಟಿ ಟೇಪ್ ಒತ್ತಿ ಅಂಟಿಸಿ, ಸರ್ ಅಂತ ಕಿತ್ತೆ. ಪೇಂಟ್ ಉದ್ಯಮದಲ್ಲಿ ಹಿಡಿತ ನೋಡೋ ವಿಧಾನವೇ ಇದು, ನಾನು ಮಾಡಿದ್ದು ಅದರ ಮನೆ ಆವೃತ್ತಿ. ಮೊದಲ ಚೌಕದ ಬಣ್ಣ ಹೆಚ್ಚು ಕಡಿಮೆ ಪೂರ್ತಿ ಟೇಪ್ ಜೊತೆ ಎದ್ದು ಬಂತು. ಎರಡನೇದು ಅಲ್ಲಲ್ಲಿ ಕಿತ್ತುಬಂತು. ಮೂರನೇದರಲ್ಲಿ ಒಂದು ತುಣುಕೂ ಏಳಲಿಲ್ಲ. ಪ್ರೆಶರ್ ವಾಶ್ ಮಾಡಿಸಿದಾಗ ನಿಮ್ಮ ಬಂಪರ್‌ಗೆ ಆಗೋದೂ ಇದೇ.

ಯಾವ ಬಂಪರ್‌ಗೆ ಮಾಡಬಹುದು, ಯಾವುದಕ್ಕೆ ಬೇಡ?

ಬಣ್ಣವಿಲ್ಲದ, ಸ್ವಲ್ಪ ತರಿತರಿ ಇರೋ ಕಪ್ಪು ಬಂಪರ್ ಆಗಿದ್ರೆ ಧೈರ್ಯವಾಗಿ ಮಾಡಿ. ಮ್ಯಾಟ್ ಕಪ್ಪು ಸಣ್ಣಪುಟ್ಟ ಏರುಪೇರನ್ನ ಕ್ಷಮಿಸುತ್ತೆ.

ಬಾಡಿ ಕಲರ್ ಬಂಪರ್ ಆಗಿದ್ರೆ, ಅದರಲ್ಲೂ ಮೆಟಾಲಿಕ್ ಬಿಳಿ, ಬೆಳ್ಳಿ, ಕೆಂಪು ಆಗಿದ್ರೆ, ಮನೆಯಲ್ಲಿ ಪೂರ್ತಿ ಬಂಪರ್ ಮಾಡೋ ಆಸೆ ಬಿಡಿ. ಹತ್ತು ವರ್ಷ ಬಿಸಿಲುಂಡ ಬಾನೆಟ್ಟಿನ ಬಣ್ಣಕ್ಕೂ ಕ್ಯಾನ್‌ನ ಬಣ್ಣಕ್ಕೂ ಮ್ಯಾಚ್ ಆಗಲ್ಲ. ಬಾಗಿಲ ಬಳಿ ಅಥವಾ ಬಾನೆಟ್ ಒಳಗಿನ ಸ್ಟಿಕರ್‌ನಲ್ಲಿರೋ ಕಲರ್ ಕೋಡ್ ಕೊಟ್ಟು ಬಣ್ಣ ತಂದರೂ ಅಷ್ಟೆ.

ಬಂಪರ್ ಹಿಂದೆ ರೇಡಾರ್ ಇರೋ ಹೊಸ ಕಾರುಗಳು, ಅಂದ್ರೆ ತಾನಾಗೇ ಬ್ರೇಕ್ ಹಾಕೋ ಎಡಾಸ್ ಫೀಚರ್ ಇರೋವು, ಅವನ್ನ ಮುಟ್ಟಲೇಬೇಡಿ. ಪೇಂಟ್ ದಪ್ಪವಾದ್ರೆ, ಅದರಲ್ಲೂ ಲೋಹದ ಪುಡಿ ಇರೋ ಪೇಂಟ್ ಆದ್ರೆ, ರೇಡಾರ್‌ನ ದೃಷ್ಟಿ ಮಂಜಾಗಬಹುದು. ಪಾರ್ಕಿಂಗ್ ಸೆನ್ಸರ್‌ಗಳ ಮೇಲೂ ಪದರದ ಮೇಲೆ ಪದರ ಕೂರಿಸಬೇಡಿ, ಟೇಪ್ ಹಾಕಿ ಮುಚ್ಚಿ.

ಕೊನೇದು, ಬಹಳ ಮುಖ್ಯವಾದದ್ದು. ಬಂಪರ್ ಬಿರುಕು ಬಿಟ್ಟಿದೆಯಾ, ಕ್ಲಿಪ್ ಮುರಿದು ಒಂದು ಮೂಲೆ ಅಲುಗಾಡ್ತಿದೆಯಾ ಅಂತ ಕೈಯಿಂದ ಎಳೆದು ನೋಡಿ. ಅಲುಗಾಡ್ತಿದ್ರೆ ಅದು ಬಣ್ಣದ ಸಮಸ್ಯೆ ಅಲ್ಲ. ಹೈವೇಯಲ್ಲಿ ಗಾಳಿಗೆ ಆ ಮೂಲೆ ಬಿಚ್ಚಿಕೊಂಡರೆ ಹಿಂದೆ ಬರೋ ಬೈಕ್‌ನವನ ಗತಿ ಏನು? ‘ಮೇಲೆ ಥಳಕು, ಒಳಗೆ ಹುಳುಕು’ ಅಂತ ಹಿರಿಯರು ಅನ್ನೋದು ಇಂಥದ್ದಕ್ಕೇ.

ನಮ್ಮ ಚಿಕ್ಕಪ್ಪನ 2012ರ ಮಾರುತಿ ಆಮ್ನಿಗೆ ನಾವು ಮಾಡಿದ್ದು ಇದೇ ಲೆಕ್ಕದಲ್ಲಿ. ತುಮಕೂರಿನಲ್ಲಿ ಅಡುಗೆ ಕಂಟ್ರಾಕ್ಟ್ ಕೆಲಸದ ಪಾತ್ರೆ ಸಾಗಿಸೋ ವ್ಯಾನ್ ಅದು. ಈ ವರ್ಷ ಮಾರಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಸ್ವಲ್ಪ ದೊಡ್ಡ ಗಾಡಿ ತಗೋಬೇಕು ಅಂತ ಅವರ ಪ್ಲಾನ್. ನೋಡೋಕೆ ಬಂದವರೆಲ್ಲ ಬಂಪರ್ ತೋರಿಸಿಯೇ ಚೌಕಾಸಿ ಶುರು ಮಾಡ್ತಿದ್ರು. ಹಿಂದಿನ ಬಂಪರ್ ಗಟ್ಟಿ ಇತ್ತು, ಬರೀ ಬೆಳ್ಳಗಾಗಿತ್ತು. ಅದಕ್ಕೆ ಸ್ಪ್ರೇ ಮಾಡಿದ್ವಿ. ಮುಂದಿನದರ ಮೂಲೆ ಸೀಳಿತ್ತು. ಅದಕ್ಕೆ ಬಣ್ಣ ಹೊಡೀದೆ ಬೇರೆ ಬಂಪರ್ ಹಾಕಿಸಿದ್ವಿ.

ಏನೇನು ಬೇಕು, ಎಷ್ಟಾಗುತ್ತೆ?

ಬೆಂಗಳೂರಿನವರಾದ್ರೆ ಜೆ.ಸಿ. ರಸ್ತೆಯ ಆಟೊ ಅಂಗಡಿಗಳಲ್ಲಿ ಎಲ್ಲ ಸಿಗುತ್ತೆ. ಬೇರೆ ಊರುಗಳಲ್ಲೂ ದೊಡ್ಡ ಪೇಂಟ್ ಅಂಗಡಿಯಲ್ಲಿ ಕೇಳಿ. ನನಗಾದ ಖರ್ಚು ಹೇಳ್ತೀನಿ: ಮ್ಯಾಟ್ ಕಪ್ಪು ಸ್ಪ್ರೇ ಎರಡು ಕ್ಯಾನ್ 600 ರೂ., ಅಡ್ಹೀಶನ್ ಪ್ರಮೋಟರ್ 550, ಐಸೊಪ್ರೊಪೈಲ್ ಆಲ್ಕೋಹಾಲ್ 200, ಸ್ಯಾಂಡ್‌ಪೇಪರ್ 80, ಉಜ್ಜೋ ಪ್ಯಾಡ್ 50, ಮಾಸ್ಕಿಂಗ್ ಟೇಪ್ 40. ಒಟ್ಟು 1,520 ರೂ. ಇದರ ಮೇಲೆ ಕಾರ್ಟ್ರಿಜ್ ಇರೋ ಮಾಸ್ಕ್ 700. ಗ್ಯಾರೇಜ್‌ನಲ್ಲಿ ವಿಚಾರಿಸಿದಾಗ ಒಂದು ಬಂಪರ್‌ಗೆ 3,000 ರೂ. ಹೇಳಿದ್ರು.

ಅಂದ್ರೆ ಉಳಿತಾಯ ಇದೆ, ಆದ್ರೆ ರೀಲ್ಸ್‌ನಲ್ಲಿ ಹೇಳೋ ಹಾಗೆ ‘ಬರೀ 300 ರೂಪಾಯಿಗೆ ಹೊಸ ಬಂಪರ್’ ಅಲ್ಲ. ಹಳೆ ಸಣ್ಣ ಕಾರಾದ್ರೆ ಬಣ್ಣವಿಲ್ಲದ ಹೊಸ ಕಪ್ಪು ಬಂಪರ್‌ನ ಬೆಲೆಯನ್ನೂ ಮೊದಲು ಕೇಳಿ. ಕೆಲವು ಮಾಡೆಲ್‌ಗಳಿಗೆ ಅದೇ ಅಗ್ಗ ಬೀಳಬಹುದು.

ಈಗ ಕೆಲಸ: ಮೊದಲ ಮೂರು ಗಂಟೆ

ಅಂಗಳ ಸಾರಿಸದೆ ರಂಗೋಲಿ ಹಾಕಲ್ಲ ಅಲ್ವಾ? ಇದೂ ಹಾಗೇ.

ಒಂದು, ತೊಳೆಯೋದು. ಪಾತ್ರೆ ತೊಳೆಯೋ ಲಿಕ್ವಿಡ್ ಮತ್ತು ಬ್ರಶ್. ತರಿತರಿ ಸಂದಿಯಲ್ಲಿ ವರ್ಷಗಳ ಪಾಲಿಶ್ ಕೂತಿರುತ್ತೆ. ಟೈರ್ ಪಾಲಿಶ್‌ನಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತೆ, ಅದು ಪೇಂಟ್‌ನ ಪರಮ ಶತ್ರು. ಅದಿದ್ದ ಕಡೆ ಬಣ್ಣ ಮೀನಿನ ಕಣ್ಣಿನಂಥ ಗುಂಡಿ ಬಿಟ್ಟು ಸರಿದುಕೊಳ್ಳುತ್ತೆ. ತೊಳೆದಾದ ಮೇಲೆ ನೀರು ಚಿಮುಕಿಸಿ ನೋಡಿ. ಒಂದೊಂದು ಕಡೆ ಮಾತ್ರ ನೀರು ಬೇಗ ಮುದುಡಿ ಮುತ್ತಾದ್ರೆ ಅಲ್ಲಿ ಜಿಡ್ಡು ಉಳಿದಿದೆ, ಮತ್ತೆ ತೊಳೀರಿ.

ಎರಡು, ಉಜ್ಜೋದು. ತರಿತರಿ ಮೇಲ್ಮೈಗೆ ಪ್ಯಾಡ್ ಸಾಕು. ಸ್ಯಾಂಡ್‌ಪೇಪರ್ ಹಾಕಿದ್ರೆ ಆ ವಿನ್ಯಾಸವೇ ಅಳಿಸಿ ಹೋಗುತ್ತೆ. ನುಣುಪು ಜಾಗ, ಗೀರು ಬಿದ್ದ ಜಾಗಕ್ಕೆ 320, ಆಮೇಲೆ 600 ನಂಬರ್ ಪೇಪರ್, ನೀರು ಹಾಕ್ಕೊಂಡು. ಒರಟು ಪೇಪರ್‌ನಲ್ಲಿ ಒಣದಾಗಿ ಉಜ್ಜಿದ್ರೆ ಈ ಪ್ಲಾಸ್ಟಿಕ್ ನವಿರು ನವಿರಾಗಿ ಕೂದಲೇಳುತ್ತೆ, ಅದರ ಮೇಲೆ ಬಣ್ಣ ಹೊಡೆದ್ರೆ ಕಂಬಳಿ ಥರ ಕಾಣುತ್ತೆ. ಬೂದು ಪದರ ಹೋಗಿ ಎಲ್ಲ ಕಡೆ ಒಂದೇ ಥರ ಮಬ್ಬಾಗಬೇಕು.

ಮೂರು, ಮತ್ತೆ ತೊಳೆದು, ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸೋದು. ಇಲ್ಲಿಂದ ಬರಿಗೈಲಿ ಮುಟ್ಟಬೇಡಿ, ಬೆರಳಿನ ಜಿಡ್ಡೂ ಸಾಕು ಕೆಡಿಸೋಕೆ.

ನಾಲ್ಕು, ಮುಚ್ಚೋದು. ನಂಬರ್ ಪ್ಲೇಟ್ ಬಿಚ್ಚಿಡಿ. ಲೈಟ್, ರಿಫ್ಲೆಕ್ಟರ್, ಸೆನ್ಸರ್, ಸೈಲೆನ್ಸರ್ ಎಲ್ಲದಕ್ಕೂ ಟೇಪ್. ಬಾಡಿಗೆ ಹಳೆ ನ್ಯೂಸ್‌ಪೇಪರ್ ಎರಡು ಪದರ. ರಿಫ್ಲೆಕ್ಟರ್ ಮೇಲೆ ಕಪ್ಪು ಬಿದ್ರೆ ರಾತ್ರಿ ನಿಮ್ಮ ಗಾಡಿ ಹಿಂದಿನವರಿಗೆ ಕಾಣಲ್ಲ. ಸಾಧ್ಯವಾದ್ರೆ ಬಂಪರನ್ನೇ ಬಿಚ್ಚಿ ಎರಡು ಸ್ಟೂಲ್ ಮೇಲೆ ಇಟ್ಕೊಳ್ಳಿ, ಅರ್ಧ ತಲೆನೋವು ಕಡಿಮೆ.

ಕಾಲು ಗಂಟೆಯ ಸ್ಪ್ರೇ

ಹವೆ ನೋಡಿ. ಮಂಗಳೂರು, ಕಾರವಾರದ ಜೂನ್-ಜುಲೈ ಮಳೆಯಲ್ಲಿ ಬೇಡ. ತೇವ ಜಾಸ್ತಿ ಇದ್ರೆ ಬಣ್ಣದ ಮೇಲೆ ಹಾಲುಬಿಳುಪಿನ ಮಬ್ಬು ಬರುತ್ತೆ. ರಾಯಚೂರು, ಕಲಬುರಗಿಯ ಮೇ ಮಧ್ಯಾಹ್ನವೂ ಬೇಡ. ಹನಿ ಬಂಪರ್ ತಲುಪೋ ಮುಂಚೆಯೇ ಗಾಳಿಯಲ್ಲಿ ಒಣಗಿ ಪುಡಿ ಕೂತಂತಾಗುತ್ತೆ. ಇಬ್ಬನಿ ಆರಿದ ಮೇಲೆ, ಬಿಸಿಲೇರೋ ಮುಂಚೆ, ಗಾಳಿ ಇಲ್ಲದ ನೆರಳು ಒಳ್ಳೇದು.

ಮೊದಲು ಪ್ರಮೋಟರ್, ತೆಳ್ಳಗೆ ಒಂದು ಪದರ. ಕ್ಯಾನ್ ಮೇಲೆ ಎಷ್ಟು ನಿಮಿಷದೊಳಗೆ ಬಣ್ಣ ಹೊಡೀಬೇಕು ಅಂತ ಬರೆದಿರುತ್ತೆ, ಅದನ್ನ ಪಾಲಿಸಿ. ಆಮೇಲೆ ಕಪ್ಪು ಕ್ಯಾನನ್ನ ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಒಳಗಿನ ಗೋಲಿ ಸದ್ದು ಸರಾಗವಾಗಿ ಕೇಳಿಸಬೇಕು. ಸುಮಾರು 20-25 ಸೆಂಟಿಮೀಟರ್ ದೂರ, ಅಂದ್ರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಬಂಪರ್ ಅಂಚಿಗಿಂತ ಮುಂಚೆ ಒತ್ತಿ, ಆ ಕಡೆ ಅಂಚು ದಾಟಿದ ಮೇಲೆ ಬಿಡಿ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಲಿ. ಮಣಿಕಟ್ಟು ತಿರುಗಿಸಬೇಡಿ, ತೋಳು ಸಮಾನಾಂತರವಾಗಿ ಚಲಿಸಲಿ.

ಮೊದಲ ಪದರ ಹೊಡೆದಾಗ ಅರೆಬರೆ ಕಾಣುತ್ತೆ, ಅದೇ ಸರಿ. ಒಂದೇ ಏಟಿಗೆ ಕಪ್ಪು ಮಾಡೋಕೆ ಹೋದ್ರೆ ಕಣ್ಣೀರಿನ ಥರ ಸೋರುತ್ತೆ. ಮಧ್ಯೆ ಹತ್ತು ನಿಮಿಷ ಬಿಟ್ಟು ಮೂರು ತೆಳು ಪದರ. ಮುಟ್ಟಿದ್ರೆ ಅಂಟಲ್ಲ ಅನ್ನೋ ಸ್ಥಿತಿ ಅರ್ಧ ಗಂಟೆಗೇ ಬರಬಹುದು, ಆದ್ರೆ ಒಳಗೆ ಗಟ್ಟಿಯಾಗೋಕೆ ದಿನಗಳು ಬೇಕು. ಒಂದು ವಾರ ಪ್ರೆಶರ್ ವಾಶ್ ಬೇಡ, ಪಾಲಿಶ್ ಬೇಡ.

ಶ್ವಾಸಕೋಶದ ವಿಷಯ

ಇದನ್ನ ಸ್ಕಿಪ್ ಮಾಡಬೇಡಿ. ಸ್ಪ್ರೇಯಿಂದ ಎರಡು ಥರದ್ದು ಮೂಗಿಗೆ ಬರುತ್ತೆ. ಒಂದು ಬಣ್ಣದ ಸಣ್ಣ ಹನಿ, ಇನ್ನೊಂದು ದ್ರಾವಕದ ಆವಿ. ಕೋವಿಡ್ ಕಾಲದಿಂದ ಮನೆಯಲ್ಲಿ ಉಳಿದಿರೋ ಎನ್95 ಮಾಸ್ಕ್ ಹನಿಯನ್ನ ತಡೆಯುತ್ತೆ, ಆವಿಯನ್ನ ತಡೆಯಲ್ಲ. ವಾಸನೆ ಬರ್ತಿದೆ ಅಂದ್ರೆ ಆವಿ ಒಳಗೆ ಹೋಗ್ತಿದೆ ಅಂತಲೇ ಅರ್ಥ. ಅದಕ್ಕೆ ಸಕ್ರಿಯ ಇಂಗಾಲದ ಕಾರ್ಟ್ರಿಜ್ ಇರೋ ಮಾಸ್ಕೇ ಬೇಕು. ಬೇಸ್‌ಮೆಂಟ್ ಪಾರ್ಕಿಂಗ್, ಮುಚ್ಚಿದ ಬಾಲ್ಕನಿ ಬೇಡ್ವೇ ಬೇಡ. ಅಪಾರ್ಟ್‌ಮೆಂಟ್‌ನಲ್ಲಾದ್ರೆ ಇನ್ನೊಂದು ತೊಂದರೆ: ಕಪ್ಪು ಹನಿ ತೇಲಿಕೊಂಡು ಹೋಗಿ ಪಕ್ಕದವರ ಬಿಳಿ ಕಾರಿನ ಮೇಲೆ ಕೂರುತ್ತೆ.

ಕ್ಯಾನ್ ಒಳಗಿನ ಗ್ಯಾಸ್ ಹೊತ್ತಿಕೊಳ್ಳುವಂಥದ್ದು. ಹತ್ತಿರದಲ್ಲಿ ದೇವರ ದೀಪ, ಅಗರಬತ್ತಿ, ಸ್ಟವ್, ಸಿಗರೇಟ್ ಯಾವುದೂ ಇರಬಾರದು. 50 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಗಿಸಬೇಡಿ ಅಂತ ಕ್ಯಾನ್ ಮೇಲೇ ಬರೆದಿರುತ್ತೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಆ ಬಿಸಿಯನ್ನ ಸುಲಭವಾಗಿ ದಾಟುತ್ತೆ. ಉಳಿದ ಕ್ಯಾನ್ ಕಾರಲ್ಲಿ ಬಿಡಬೇಡಿ.

ಇನ್ನು ‘2ಕೆ’ ಅಂತ ಬರೆದಿರೋ ಕ್ಲಿಯರ್ ಕೋಟ್‌ಗಳು. ಹೊಳಪು, ಗಟ್ಟಿತನ ಎರಡರಲ್ಲೂ ಅವು ಮೇಲು. ಆದ್ರೆ ಅವುಗಳ ಹಾರ್ಡ್‌ನರ್‌ನಲ್ಲಿ ಸಾಮಾನ್ಯವಾಗಿ ಐಸೊಸೈನೇಟ್ ಇರುತ್ತೆ. ಅದು ಉಸಿರಾಟದ ಮೂಲಕ ಒಳಗೆ ಹೋದ್ರೆ ಆಸ್ತಮಾ ತರಿಸಬಲ್ಲದು, ಒಮ್ಮೆ ಮೈಗೆ ಅದು ಒಗ್ಗದಂತಾದ್ರೆ ಆಮೇಲೆ ಸ್ವಲ್ಪವೇ ತಾಗಿದ್ರೂ ಉಸಿರು ಕಟ್ಟುತ್ತೆ. ಮನೆಯ ಅಂಗಳಕ್ಕೆ ಅದು ಬೇಡ. ಸಣ್ಣ ಗ್ಯಾರೇಜ್‌ಗಳಲ್ಲಿ ಮೂತಿಗೆ ಕರ್ಚೀಫ್ ಕಟ್ಟಿಕೊಂಡು ದಿನವಿಡೀ ಇದನ್ನೇ ಹೊಡೆಯೋ ಹುಡುಗರಿದ್ದಾರೆ, ನಿಮ್ಮ ವಯಸ್ಸಿನವರೇ. ಮುಂದಿನ ಸಲ ಗ್ಯಾರೇಜ್ ಬಿಲ್ ಜಾಸ್ತಿ ಅನ್ನಿಸಿದಾಗ ಅವರಿಗೆ ಮಾಸ್ಕ್ ಇದೆಯಾ ಅಂತಲೂ ನೋಡಿ, ಇಲ್ಲದಿದ್ರೆ ಮಾಲೀಕರನ್ನ ಕೇಳಿ. ಗಿರಾಕಿ ಕೇಳಿದ್ರೆ ಕೆಲವೊಮ್ಮೆ ಕೆಲಸ ಆಗುತ್ತೆ.

ಮಾರೋರಿಗೂ ಕೊಳ್ಳೋರಿಗೂ ಒಂದು ಮಾತು

ಮಾರೋ ಮುಂಚೆ ಬಂಪರ್‌ಗೆ ಬಣ್ಣ ಹೊಡೆಯೋದು ಮೋಸವಾ? ಬಿಸಿಲಿಗೆ ಬೆಳ್ಳಗಾದದ್ದನ್ನ ಸರಿಮಾಡೋದು ಮೋಸ ಅಲ್ಲ, ಒಡೆದದ್ದನ್ನ ಮುಚ್ಚೋದು ಮೋಸ. ಚಿಕ್ಕಪ್ಪ ವ್ಯಾನ್ ತೋರಿಸುವಾಗ ‘ಹಿಂದೆ ಮನೇಲೇ ಪೇಂಟ್ ಮಾಡಿದ್ದು, ಮುಂದೆ ಬಂಪರ್ ಬದಲಾಯಿಸಿದ್ದು, ಬಿಲ್ ಇಲ್ಲಿದೆ’ ಅಂತ ನೇರವಾಗಿ ಹೇಳಿದ್ರು. ಚೌಕಾಸಿ ನಿಲ್ಲಲಿಲ್ಲ, ಆದ್ರೆ ಮಾತು ಬಂಪರ್ ಬಿಟ್ಟು ಇಂಜಿನ್ ಕಡೆ ಹೋಯ್ತು. ಅಲ್ಲಿ ಚಿಕ್ಕಪ್ಪನಿಗೆ ಹೇಳಿಕೊಳ್ಳೋಕೆ ಒಳ್ಳೆ ವಿಷಯ ಇತ್ತು.

ನೀವು ಕೊಳ್ಳೋರಾದ್ರೆ, ಹಳೆ ಕಾರಿನಲ್ಲಿ ಬಂಪರ್ ಮಾತ್ರ ಫಳಫಳ ಅಂತಿದ್ರೆ ಬಗ್ಗಿ ಕೆಳಗಿನ ಅಂಚು ನೋಡಿ. ಬಣ್ಣದ ಹನಿ ಲೈಟಿನ ರಬ್ಬರ್ ಮೇಲೋ ಸೈಲೆನ್ಸರ್ ಮೇಲೋ ಬಿದ್ದಿದ್ರೆ ಇತ್ತೀಚೆಗೆ ಸ್ಪ್ರೇ ಆಗಿದೆ ಅಂತ ಅರ್ಥ. ಎರಡೂ ಮೂಲೆ ಹಿಡಿದು ಮೆಲ್ಲಗೆ ಎಳೀರಿ. ಗಟ್ಟಿ ಇದ್ರೆ ಬಣ್ಣದ ಬಗ್ಗೆ ತಲೆ ಕೆಡಿಸ್ಕೋಬೇಡಿ. ಅಲುಗಾಡಿದ್ರೆ ಹಿಂದೆ ಏನಾಗಿತ್ತು ಅಂತ ಕೇಳದೆ ದುಡ್ಡು ಕೊಡಬೇಡಿ.

ಈ ವಾರಕ್ಕೆ ಇಷ್ಟು. ಉಜ್ಜೋಕೆ ಶುರು ಮಾಡಿ ಮಧ್ಯದಲ್ಲಿ ಸಾಕಪ್ಪಾ ಅನ್ನಿಸಿದ್ರೆ ಅಲ್ಲೇ ನಿಲ್ಲಿಸಿ, ಉಳಿದದ್ದನ್ನ ನಾಳೆ ಮಾಡಿ. ಬಂಪರ್ ಎಲ್ಲೂ ಓಡಿಹೋಗಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.